ರೋಲರ್ ಮ್ಯಾಲ ಸೈಕಲ್: ಗ್ವಾಡಿ ಬಿಡೂದು ಹೆಂಗ್ರಿ?

ಪ್ರಶ್ನೆ (ಹಾವೇರಿ)

ಮಳಿ ಹಿಡೀತಂದ್ರ ಸರ್ವಿಸ್ ರೋಡಿನ್ಯಾಗ ಸೈಕಲ್ ಹೊಡಿಯೂದು ಆಗಂಗಿಲ್ಲ ಅಂತ ಸೆಕೆಂಡ್ ಹ್ಯಾಂಡ್ ರೋಲರ್ (ಉರುಳೋ ಡ್ರಮ್ಮುಗಳ ಮ್ಯಾಲ ಸೈಕಲ್ ಇಟ್ಟು ಮನ್ಯಾಗ ನಿಂತಲ್ಲೇ ತುಳಿಯೋ ಸಾಧನ) ತಗೊಂಡೀನಿ. ಮೂರು ಡ್ರಮ್ಮಿಂದು, ನಡುವಿನ ಡ್ರಮ್ಮಿನಿಂದ ಮುಂದಿನದಕ್ಕ ಬೆಲ್ಟ್ ಐತಿ. ರೋಡ್ ಬೈಕ್, 700×25 (25 ಮಿ.ಮೀ. ಅಗಲದ) ಟೈರ್. ಪಡಸಾಲಿಯೊಳಗ ಶಹಾಬಾದಿ ಪರಸಿ. ಗ್ವಾಡಿ ಹಿಡಕೊಂಡು ತುಳದ್ರ ಛಲೋ ಇರತೈತಿ, ಕೈ ಬಿಟ್ಟ ಕೂಡ್ಲೆ ಎಡಕ್ಕ ಸರದು ಡ್ರಮ್ ಇಳಿತೈತಿ. ಸೆಟ್ಟಿಂಗ್ ತಪ್ಪೋ, ನಾ ತಪ್ಪೋ? ಇದರಿಂದ ಬ್ಯಾಲೆನ್ಸು, ತುಳಿಯೋ ರೀತಿ ಖರೇನ ಸುಧಾರಿಸ್ತಾವೇನು? ಎಂಟಿಬಿ (ದಪ್ಪ ಟೈರಿನ ಗುಡ್ಡಗಾಡು ಸೈಕಲ್) ಇರೋ ಗೆಳೆಯ ಒಬ್ಬ ಅದಾನ, ಅವನೂ ಹತ್ತಬಹುದಾ? ಗೊತ್ತಿದ್ದವರು ಹೇಳ್ರಿ.

ಸಾಧನಕೇರಿ, ಧಾರವಾಡ

ಪ್ರತಿ ಸಲ ಒಂದೇ ಕಡೆ ಇಳೀತದ ಅಂದ್ರ ನಿಮ್ಮನ್ನ ನೀವು ಬೈಕೊಳ್ಳೋಕ ಮೊದಲು ಟೇಪ್ ತಗೊಂಡು ಫ್ರೇಮ್ ಅಳೀರಿ. ಉದ್ದ ಹೊಂದಿಸೋ ತೂತು ಎಡ ಪಟ್ಟಿಗೆ ಬ್ಯಾರೆ, ಬಲ ಪಟ್ಟಿಗೆ ಬ್ಯಾರೆ ಇರ್ತಾವ. ಕೈ ಬದಲಾದ ರೋಲರಿನ್ಯಾಗ ಒಂದು ಪಟ್ಟಿ ಮೂರನೇ ತೂತಿನ್ಯಾಗ, ಇನ್ನೊಂದು ನಾಲ್ಕನೇದರಾಗ ಕೂತಿರೂದು ಹೊಸಾದೇನಲ್ಲ. ಮುಂದಿನ ಡ್ರಮ್ಮಿನ ಎಡ ತುದಿಯಿಂದ ಹಿಂದಿನ ಡ್ರಮ್ಮಿನ ಬಲ ತುದಿಗೆ ಒಂದು ಅಳತಿ, ಬಲದಿಂದ ಎಡಕ್ಕ ಇನ್ನೊಂದು. ಎರಡೂ ಮೂಲಿ ಅಳತಿ ಸಮ ಬರಬೇಕು. ಎರಡು ಮಿಲಿಮೀಟರ್ ಹೆಚ್ಚುಕಡಿಮಿ ನಡೀತದ; ಸೆಂಟಿಮೀಟರ್ ಫರಕ್ ಇತ್ತಂದ್ರ ಡ್ರಮ್ ಓರೆ ಕೂತದ ಅಂತನ ಅರ್ಥ, ಸೈಕಲ್ ಒಂದು ಕಡೆ ಎಳೀತನ ಇರ್ತದ.

ಆಮ್ಯಾಲ ರಸಮಟ್ಟ ಇಡ್ರಿ. ತೊಳದ ನೀರು ಹರದು ಹೋಗ್ಲಿ ಅಂತ ಹಳೇ ಮನಿ ಪರಸಿಗೆ ಇಳಕಲು ಕೊಟ್ಟಿರ್ತಾರ, ಕಣ್ಣಿಗೆ ಗೊತ್ತಾಗೂದಿಲ್ಲ. ಹಳೇ ಟ್ಯೂಬ್ ಕತ್ತರಿಸಿ ಮಡಚಿ ತಗ್ಗಿದ್ದ ಕಾಲಿನ ಕೆಳಗ ಕೊಡ್ರಿ. ಕುಂಟೂದೂ ನಿಲ್ತದ, ಜಾರೂದೂ ನಿಲ್ತದ. ಜಮಖಾನಿ ಮಾತ್ರ ಹಾಸಬ್ಯಾಡ್ರಿ. ನವಲಗುಂದದ ಜಮಖಾನಿ ಇದ್ರಂತೂ ಬೆವರು ಬಿದ್ದು ಹಾಳಾಗ್ತದ, ಮ್ಯಾಲ ರೋಲರನ್ನೂ ಕರಕೊಂಡು ಪರಸಿ ಮ್ಯಾಲ ಸರೀತದ.

ಮೂರನೇದು ಮುಂದಿನ ಡ್ರಮ್ಮಿನ ಜಾಗಾ. ಸೈಕಲ್ ರೋಲರ್ ಮ್ಯಾಲ ನೆಟ್ಟಗ ನಿಲ್ಲಿಸಿ, ದಾರಕ್ಕ ಒಂದು ನಟ್ ಕಟ್ಟಿ ಮುಂದಿನ ಗಾಲಿ ಅಚ್ಚಿನ ನಡುವಿನಿಂದ ಇಳಿಬಿಡ್ರಿ. ಡ್ರಮ್ಮಿನ ಅಚ್ಚು ಆ ದಾರಕ್ಕಿಂತ ಒಂದರಿಂದ ಎರಡೂವರೆ ಸೆಂಟಿಮೀಟರ್ ಮುಂದ ಇರಬೇಕು. ಹಿಂದ ಬಂತಂದ್ರ ಗಾಲಿ ಡ್ರಮ್ಮಿನ ಮುಂದಿನ ಇಳಿಜಾರಿನ ಮ್ಯಾಲ ಕೂಡ್ತದ, ಹ್ಯಾಂಡಲ್ ಚಂಚಲ ಆಗ್ತದ, ಜೋರಾಗಿ ತುಳದಾಗ ಮುಂದಕ್ಕ ಜಾರೋ ಭಯ ಬ್ಯಾರೆ. ಸೈಕಲ್ ಬದಲಾದ್ರ ಈ ಅಳತಿ ಮತ್ತ ಮೊದಲಿಂದ.

ಗಾಳಿ: 25ರ ಟೈರಿಗೆ 90ರಿಂದ 100 ಪಿಎಸ್ಐ, ಟೈರಿನ ಪಕ್ಕದಾಗ ಬರದಿರೋ ಮಿತಿ ದಾಟಬ್ಯಾಡ್ರಿ. ಕಡಿಮಿ ಇದ್ರ ಟೈರ್ ಡ್ರಮ್ ಮ್ಯಾಲ ಭಾಳ ತಗ್ಗಿ ತುಳಿಯೂದೂ ಭಾರ, ಅಲುಗಾಟನೂ ಜಾಸ್ತಿ.

ಬೆಟಗೇರಿ, ಗದಗ

ಒಂದ ಪ್ರಶ್ನೆ: ಗ್ವಾಡಿ ನಿಮ್ಮ ಎಡಕ್ಕ ಐತೇನು? ಇದ್ರ ಅರ್ಧ ಉತ್ತರ ಅಲ್ಲೇ ಸಿಕ್ತು. ಗ್ವಾಡಿ ಹಿಡದಾಗ ಮೈಭಾರ ಗೊತ್ತಿಲ್ಲದಂಗ ಅದರ ಕಡೆ ವಾಲಿರತೈತಿ. ಕೈ ತಗದ್ರ ಆ ಭಾರ ಹೊರಾಕ ಯಾರೂ ಇಲ್ಲ, ಸೈಕಲ್ ಎಡಕ್ಕ ಹೊಕ್ಕತಿ. ಗ್ವಾಡಿ ಬಿಟ್ಟು ಬಾಗಲ ಚೌಕಟ್ಟಿನ್ಯಾಗ ಹತ್ರಿ. ಮೂರು ಫೂಟಿನ ಬಾಗಲದಾಗ ರೋಡ್ ಬೈಕ್ ಹ್ಯಾಂಡಲ್ ಆರಾಮ ಹಿಡಸತೈತಿ, ಎರಡೂ ಕಡೆ ಮೊಣಕೈಗೆ ಆಸರ ಇರತೈತಿ. ಆದ್ರ ಹೊಸ್ತಿಲದ ಮ್ಯಾಲ ರೋಲರ್ ಕೂಡಿಸಬ್ಯಾಡ್ರಿ, ಫ್ರೇಮ್ ತೂಗಾಡತೈತಿ. ಹೊಸ್ತಿಲಾ ಎತ್ತರ ಇದ್ರ ಬಾಗಲಾ ಮರತುಬಿಡ್ರಿ. ಒಂದ ಕಡೆ ಗ್ವಾಡಿ, ಇನ್ನೊಂದ ಕಡೆ ಅಲುಗಾಡದಂಥಾ ಟೇಬಲ್, ಅದರ ಮ್ಯಾಲ ಭಾರ ಇಟ್ಟು.

ಹತ್ತಾಕ ರೋಲರ್ ಪಕ್ಕ ಅಷ್ಟ ಎತ್ತರದ್ದೊಂದು ಕಟ್ಟಿಗಿ ಸ್ಟೂಲ್ ಇರಲಿ. ಕೆಳಗಿದ್ದ ಪೆಡಲ್ ಮ್ಯಾಲ ಮೊದಲು ಕಾಲಿಡ್ರಿ. ಗೇರ್ ಮುಂದ 39 ಹಲ್ಲು, ಹಿಂದ 17. ಕಾಂಪ್ಯಾಕ್ಟ್ (ಮುಂದಿನ ಹಲ್ಲಿನ ಚಕ್ರ ಸಣ್ಣದಿರೋದು) ಇದ್ರ 34ಕ್ಕ 15. ನಿಮಿಷಕ್ಕ 90 ಸುತ್ತು ತುಳದ್ರ ಸುಮಾರು 26 ಕಿ.ಮೀ. ವೇಗ ಬರತೈತಿ, ಸೈಕಲ್ ತಾನ ನೆಟ್ಟಗ ನಿಲ್ಲಾಕ ಅಷ್ಟು ಬೇಕು. ಹೊಸಬರು ಅಂಜಿ ನಿಧಾನ ತುಳೀತಾರ, ಅದಕ್ಕ ಬೀಳ್ತಾರ.

ಕೈ ಬಿಡೂದು ಒಮ್ಮೆಲೇ ಅಲ್ಲ. ಅಂಗೈ, ಆಮ್ಯಾಲ ನಾಕು ಬಟ್ಟು, ಆಮ್ಯಾಲ ಒಂದ ಬಟ್ಟಿನ ತುದಿ. ಬಟ್ಟಿನ ತುದಿಗೆ ಭಾರ ಬೀಳವಲ್ದು ಅಂದಾಗ ಆ ಕೈ ಸಾವಕಾಶ ಹ್ಯಾಂಡಲ್ ಮ್ಯಾಲ ಬರಲಿ. ಕಣ್ಣು ಮುಂದಿನ ಗಾಲಿ ಮ್ಯಾಲ ಇಡಬ್ಯಾಡ್ರಿ. ಎರಡು-ಮೂರು ಮೀಟರ್ ಮುಂದ ಗ್ವಾಡಿಗೆ ಎದಿ ಎತ್ತರಕ್ಕ ಒಂದು ಗುರುತು ಹಚ್ಚಿ ಅದನ್ನ ನೋಡ್ರಿ. ಗಾಲಿ ನೋಡಿದ್ರ ಪ್ರತಿ ಸಣ್ಣ ಸರಿತಕ್ಕೂ ಹ್ಯಾಂಡಲ್ ತಿದ್ದಾಕ ಹೊಕ್ಕೀರಿ, ತಿದ್ದಿದ್ದನ್ನ ತಿದ್ದಾಕ ಮತ್ತ ಹೊಕ್ಕೀರಿ. ಹಿಡಿತ ಸಡಲ, ಮೊಣಕೈ ಬಗ್ಗಿರಲಿ.

ಇಳಿಯೂದು: ತುಳೀತ ಇದ್ದಾಗನ ಮೊದಲು ಕೈ ಚೌಕಟ್ಟಿಗೆ ಹಚ್ಚಬೇಕು, ಆಮ್ಯಾಲ ನಿಧಾನ ಮಾಡಬೇಕು, ಕಡೀಕ ಕಾಲು ಸ್ಟೂಲಿಗೆ. ಮೊದಲ ತುಳಿಯೂದು ನಿಲ್ಲಿಸಿದ್ರ ಎರಡೂ ಗಾಲಿ ಭಾಳ ಲಗು ನಿಲ್ತಾವ, ಕೈ ಹುಡುಕೂದ್ರಾಗ ಬಿದ್ದಿರ್ತೀರಿ.

ನವನಗರ, ಹುಬ್ಬಳ್ಳಿ

ಮೇಲಿನ ಇಬ್ಬರೂ ಹೇಳಿದ್ದು ಸರಿ. ಕ್ಲೀಟ್ (ಶೂ ತಳವನ್ನು ಪೆಡಲಿಗೆ ಕಚ್ಚಿಸುವ ತುಂಡು) ಬಗ್ಗೆ ಒಂದು ಮಾತು ಸೇರಿಸುತ್ತೇನೆ: ರಸ್ತೆಯಲ್ಲಿ ಕ್ಲೀಟ್ ಬಿಡಿಸುವುದು ಕಾಲಿಗೆ ರೂಢಿಯಾಗಿಲ್ಲದಿದ್ದರೆ ರೋಲರ್ ಮೇಲೆ ಚಪ್ಪಟೆ ಪೆಡಲ್ ಸಾಕು. ಪೆಡಲಿನ ಕಚ್ಚು ಬಿಗಿ ಮಾಡುವ ಟೆನ್ಶನ್ ಸ್ಕ್ರೂ ಪೂರ್ತಿ ಸಡಿಲ ಮಾಡಿಕೊಂಡು ಕ್ಲೀಟ್ ಹಾಕಬಹುದು ಎನ್ನುವವರಿದ್ದಾರೆ, ನನಗೆ ಅದು ಮೊದಲ ವಾರಕ್ಕೆ ಅನಗತ್ಯ ಅನಿಸುತ್ತದೆ.

ಡ್ರಮ್ ಇಳಿದರೆ ಸೈಕಲ್ ಮುಂದಕ್ಕೆ ನುಗ್ಗಿ ಎದುರಿನ ಗೋಡೆಗೆ ಬಡಿಯುತ್ತದೆ ಅನ್ನುವ ಭಯ ಬೇಡ. ಗಾಲಿ ತಿರುಗುತ್ತಿದೆಯೇ ಹೊರತು ನೀವು ನಿಂತಲ್ಲೇ ಇದ್ದೀರಿ. ನೆಲ ಮುಟ್ಟಿದ ಗಾಲಿ ಒಂದು ಸಣ್ಣ ಜಗ್ಗು ಕೊಟ್ಟು ನಿಲ್ಲುತ್ತದೆ. ಪೆಟ್ಟಾಗುವುದು ಪಕ್ಕಕ್ಕೆ ಬಿದ್ದು. ಹಾಗಾಗಿ ಶೋಕೇಸಿನ ಗಾಜು, ಟೀಪಾಯಿ ಮೂಲೆ ಒಂದು ಮೀಟರ್ ದೂರ ಇರಲಿ.

ಲಾಭ ಏನು ಅಂದಿರಿ. ನೇರ ಸಾಲು ಹಿಡಿಯುವುದು, ಹ್ಯಾಂಡಲ್ ಮೇಲೆ ಭಾರ ಹಾಕದಿರುವುದು, ಪೆಡಲ್ ಸುತ್ತು ಒಂದೇ ಸಮ ತಿರುಗಿಸುವುದು, ಈ ಮೂರು ಖಂಡಿತ ಬರುತ್ತವೆ. ಪೆಡಲನ್ನು ಕೆಳಗೆ ಗುದ್ದುವ ಅಭ್ಯಾಸ ಇದ್ದವರ ಸೈಕಲ್ ರೋಲರ್ ಮೇಲೆ ಹಿಂದೆ ಮುಂದೆ ಜಗ್ಗುತ್ತದೆ, ರಸ್ತೆಯಲ್ಲಿ ಅದು ಗೊತ್ತೇ ಆಗುವುದಿಲ್ಲ. ಆದರೆ ಕಪ್ಪತಗುಡ್ಡದ ಏರು ಹತ್ತುವ ಶಕ್ತಿ ದೊಡ್ಡ ಡ್ರಮ್ಮಿನ ರೋಲರಿನಿಂದ ಬರುವುದಿಲ್ಲ, ಅಷ್ಟು ಹಗುರ ಅದು. ಡ್ರಮ್ ಸಣ್ಣದಾದಷ್ಟೂ ಟೈರ್ ಹೆಚ್ಚು ತಗ್ಗುವುದರಿಂದ ಭಾರ ಹೆಚ್ಚು: ನಾಲ್ಕೂವರೆ ಇಂಚಿನ ಡ್ರಮ್ ಹಗುರ, ಮೂರು ಇಂಚಿನದು ಗಟ್ಟಿ, ಎರಡೂಕಾಲು ಇಂಚಿನದು ಇನ್ನೂ ಗಟ್ಟಿ. ಬೆವರಿಳಿಸುವ ಕೆಲಸವೇ ಬೇಕಾದರೆ ಹಿಂದಿನ ಗಾಲಿ ಬಿಗಿದು ನಿಲ್ಲಿಸುವ ಟ್ರೇನರ್ ತಗೊಳ್ಳಿ, ಬ್ಯಾಲೆನ್ಸ್ ಮಾತ್ರ ಅದು ಕಲಿಸುವುದಿಲ್ಲ.

ಅಭ್ಯಾಸಕ್ಕೆ: ಡ್ರಮ್ ತಿರುಗುತ್ತಿರುವಾಗ ಇನ್ನೊಬ್ಬರ ಕೈಯಲ್ಲಿ ಮುಂದಿನ ಡ್ರಮ್ಮಿಗೆ ಮಾರ್ಕರ್ ಮುಟ್ಟಿಸಿ ಹತ್ತು ಸೆಂಟಿಮೀಟರ್ ಅಂತರದಲ್ಲಿ ಎರಡು ಗೆರೆ ಎಳೆಸಿ. ಐದು ನಿಮಿಷ ಆ ಗೆರೆಗಳ ನಡುವೆ ಗಾಲಿ ಉಳಿದರೆ ಐದು ಸೆಂಟಿಮೀಟರಿಗೆ ಇಳಿಸಿ. ಗೆರೆ ದಾಟಿತೋ ಇಲ್ಲವೋ ನೋಡುವ ಕೆಲಸ ಆ ಇನ್ನೊಬ್ಬರದು, ನಿಮ್ಮದಲ್ಲ. ಮುಂದೆ 30 ಸೆಕೆಂಡ್ ಕಾಲ ನಿಮಿಷಕ್ಕೆ 110 ಸುತ್ತಿನ ಲೆಕ್ಕದಲ್ಲಿ, ಎರಡು ನಿಮಿಷ 85ರ ಲೆಕ್ಕದಲ್ಲಿ, ಹೀಗೆ ಆರು ಸಲ. ಸೀಟಿನ ಮೇಲೆ ಪುಟಿಯಲು ಶುರುವಾದ ಸುತ್ತಿನಲ್ಲೇ ವೇಗ ಇಳಿಸಿ. ಪೆಡಲ್ ತಳ ಮುಟ್ಟಿದ ಮೇಲೂ ಒತ್ತುತ್ತಿದ್ದೀರಿ ಅಂತ ಅದರ ಅರ್ಥ. ಸೊಂಟ ಎಡಬಲ ಆಡುತ್ತಿದ್ದರೆ ಸೀಟು ಎತ್ತರ. ಹಿಮ್ಮಡಿ ಪೆಡಲ್ ಮೇಲಿಟ್ಟು ತಳಕ್ಕೆ ತಂದಾಗ ಮೊಣಕಾಲು ಆಗಷ್ಟೇ ನೆಟ್ಟಗಾಗಬೇಕು, ಹೆಚ್ಚುಕಡಿಮೆ ಅದೇ ಎತ್ತರ. ಎದ್ದು ನಿಂತು ತುಳಿಯುವುದು ಆಮೇಲೆ: ಏಳುವ ಮೊದಲು ಎರಡು ಗೇರ್ ಗಟ್ಟಿ ಮಾಡಿ, ಇಲ್ಲದಿದ್ದರೆ ಪೆಡಲ್ ತಪ್ಪಿ ಮುಂದಕ್ಕೆ ಮುಗ್ಗರಿಸುತ್ತೀರಿ. ರಸ್ತೆಯಲ್ಲಿ ಮಾಡಿದಂತೆ ಸೈಕಲ್ ಅತ್ತಿತ್ತ ತೂಗಬೇಡಿ.

ಲೇಥ್ ಕೆಲಸದವ, ಹುಬ್ಬಳ್ಳಿ

ಸೆಕೆಂಡ್ ಹ್ಯಾಂಡ್ ಅಂದ್ರ ಬೆಲ್ಟ್, ಬೇರಿಂಗ್ ಎರಡೂ ನೋಡ್ರಿ. ಮುಂದಿನ ಡ್ರಮ್ ಒಂದು ಕೈಲೆ ಗಟ್ಟಿ ಹಿಡದು ನಡುವಿನ ಡ್ರಮ್ ತಿರುವ್ರಿ. ಬೆಲ್ಟ್ ಸಲೀಸ ಜಾರಿದ್ರ ಸಡಲ ಆಗೇತಿ. ಮುಂದಿನ ಗಾಲಿ ಸರಿಯಾಗಿ ತಿರಗದಿದ್ರ ಯಾವ ಸೈಕ್ಲಿಸ್ಟ್ ಬಂದ್ರೂ ನಿಲ್ಲಂಗಿಲ್ಲ. ಕೈಗಾರಿಕಾ ಬೆಲ್ಟ್ ಅಂಗಡಿಯಾಗ 6 ಮಿ.ಮೀ. ದುಂಡನ ಪಿಯು (ಪಾಲಿಯುರೆಥೇನ್) ಬೆಲ್ಟ್ ಮೀಟರ್ ಲೆಕ್ಕದಾಗ ಸಿಗತೈತಿ, ತುದಿ ಕಾಸಿ ಜೋಡಿಸ್ತಾರ. ಸೈಕಲಿಗೆ ಸರಿಯಾದ ತೂತಿನ್ಯಾಗ ಫ್ರೇಮ್ ಕೂಡಿಸಿದ ಮ್ಯಾಲನ ಅಳತಿ ಕೊಡ್ರಿ, ಅಳತಿಗಿಂತ ಚೂರು ಗಿಡ್ಡ ಇರಲಿ.

26 ಕಿ.ಮೀ. ವೇಗದಾಗ 110 ಮಿ.ಮೀ. ಡ್ರಮ್ ನಿಮಿಷಕ್ಕ ಸುಮಾರು 1250 ಸುತ್ತು ತಿರಗತೈತಿ. ಹಂಗಾಗಿ ಅರ್ಧ ಮಿಲಿಮೀಟರ್ ಓಲಾಟ ಇದ್ರೂ ಸೀಟಿನ ತನಕ ನಡುಗು ಬರತೈತಿ. ಪಿವಿಸಿ ಪೈಪಿನಿಂದ ಮನ್ಯಾಗ ಮಾಡಿಸೋರು ಇಲ್ಲೇ ಸೋಲ್ತಾರ. ಸಂಡಾಸಿನ ತೆಳು ಪೈಪ್ ಬ್ಯಾಡ, ಒತ್ತಡದ ನೀರಿನ ದಪ್ಪ ಪೈಪ್ ತಗೋರಿ, ಉದ್ದ 40 ಸೆಂ.ಮೀ. ಎರಡೂ ತುದಿಗೆ ನೈಲಾನ್ ಬುಚ್ಚು, ಅದರಾಗ 6201 ಬೇರಿಂಗ್, 12 ಮಿ.ಮೀ. ಶಾಫ್ಟ್. ಬುಚ್ಚು, ಬೇರಿಂಗ್ ಕೂಡಿಸಿದ ಮ್ಯಾಲ ಅದ ಸೆಂಟರಿನ ಮ್ಯಾಲ ಲೇಥಿನ್ಯಾಗ ಪೈಪಿನ ಹೊರಮೈ ಒಂದು ಕಟ್ ತಗಸ್ರಿ, ಯಾಕಂದ್ರ ಪೈಪ್ ಹುಟ್ಟತ ಪೂರ್ತಿ ದುಂಡಗ ಇರಂಗಿಲ್ಲ. ಬೆಲ್ಟ್ ಕೂಡೋ ತೋಡು ಎರಡೂ ಡ್ರಮ್ಮಿಗೆ ಒಂದೇ ಆಳ ಇರಬೇಕು, ಇಲ್ಲಾಂದ್ರ ಮುಂದಿನ ಗಾಲಿ ಒಂದು ವೇಗ, ಹಿಂದಿನದು ಇನ್ನೊಂದು.

ಎಂಟಿಬಿ ಗೆಳೆಯಗ: ಗುಬಟು ಟೈರ್ ಹಾಕ್ಕೊಂಡು ಹತ್ತಿದ್ರ ಹಿಟ್ಟಿನ ಗಿರಣಿ ಚಾಲೂ ಆದಂಗ ಸದ್ದು, ಬಾಜೂ ಮನಿಯವ್ರು ಬರ್ತಾರ. ನುಣುಪು ಟೈರ್ ಹಾಕಿ, ಮುಂದಿನ ಸಸ್ಪೆನ್ಶನ್ ಲಾಕ್ ಮಾಡಬೇಕು. ಎರಡೂ ಗಾಲಿ ನಡುವಿನ ಅಂತರ ರೋಡ್ ಬೈಕಿಗೆ ಒಂದು ಮೀಟರ್ ಆಜೂಬಾಜೂ, ಎಂಟಿಬಿಗೆ ಅದಕ್ಕಿಂತ ಹೆಚ್ಚು. ಫ್ರೇಮಿನ ಕಡೀ ತೂತು ಮುಟ್ಟತೈತೋ ಇಲ್ಲೋ ಮೊದಲ ಅಳೀರಿ. ಹ್ಯಾಂಡಲ್ 70 ಸೆಂ.ಮೀ. ದಾಟಿದ್ರ ಬಾಗಲ ಚೌಕಟ್ಟಿನ್ಯಾಗ ಬೆರಳು ಜಜ್ಜತಾವ.

ಹಾವೇರಿ

ಗ್ವಾಡಿ ಎಡಕ್ಕ ಇದ್ದದ್ದು ಖರೆ. ಮೂಲಿ ಅಳತಿನೂ 9 ಮಿ.ಮೀ. ಫರಕ್ ಬಂತು, ಬಲ ಪಟ್ಟಿ ಒಂದು ತೂತು ಮುಂದಿತ್ತು. ಸರಿ ಮಾಡೀನಿ. ಬೆವರು ಭಾಳ ಸುರಿತೈತಿ, ಫ್ಯಾನ್ ಹಚ್ಚಿದ್ರ ಸಾಕೇನು? ಸಂಜೀಕ ಕರೆಂಟ್ ಹೋದ್ರ?

ಸಾಧನಕೇರಿ, ಧಾರವಾಡ

ಫ್ಯಾನ್ ಎದಿಗೆ ಬಡಿಯೂಹಂಗ ಎದುರಿಗೆ ಇಡ್ರಿ, ಮ್ಯಾಲಿನ ಫ್ಯಾನ್ ಸಾಲೂದಿಲ್ಲ. ಹ್ಯಾಂಡಲಿನಿಂದ ಸೀಟ್ ಪೋಸ್ಟಿನ ತನಕ ಟವೆಲ್ ಕಟ್ರಿ. ಬೆವರಿನ ಉಪ್ಪು ಸ್ಟೆಮ್ (ಹ್ಯಾಂಡಲ್ ಹಿಡಿಯೋ ಭಾಗ) ಬೋಲ್ಟು, ಹೆಡ್‌ಸೆಟ್ (ಹ್ಯಾಂಡಲ್ ತಿರಗೋ ಜಾಗಾ) ಬೇರಿಂಗಿಗೆ ತುಕ್ಕು ಹಿಡಸ್ತದ, ಡ್ರಮ್ ಮ್ಯಾಲ ಬಿದ್ರ ಟೈರ್ ಜಾರ್ತದ. ಮುಗದ ಮ್ಯಾಲ ಡ್ರಮ್ ಒಣ ಅರಿವಿಲೆ ಒರಸ್ರಿ, ಕರೀ ರಬ್ಬರ್ ಪುಡಿನೂ ಹೋಗ್ತದ.

ಕರೆಂಟ್ ಹೋಗೋ ಹೊತ್ತು ಅಂತ ಗೊತ್ತಿದ್ರ ಚಾರ್ಜ್ ಆಗೋ ದೀಪ ಒಂದು ಆ ಗ್ವಾಡಿ ಗುರುತಿನ ಕೆಳಗ ಹಚ್ಚೇ ಇಡ್ರಿ. ದೀಪ ಇಲ್ದಾಗ ಹೋತು ಅಂದ್ರ ತುಳಿಯೂದು ಬಿಡಬ್ಯಾಡ್ರಿ. ತುಳೀತನ ಒಂದು ಕೈ ಚೌಕಟ್ಟಿಗೆ ಹಚ್ಚಿ, ಆಮ್ಯಾಲ ನಿಲ್ಲಸ್ರಿ.