ಮಂಜ ಬರೆದು ಅಳಿಸಿದ್ದು

ಗುಂಪು: ಶಿವಮೊಗ್ಗ ಬಿಇ 2001

ನಾಗರಾಜ, ಆನಂದಪುರ: [ಫಾರ್ವರ್ಡ್] ಕ್ರಿಸ್ ಕ್ರೆಬ್ಸ್ ವಿರುದ್ಧ ತನಿಖೆಗೆ ಟ್ರಂಪ್ ಆದೇಶ, ಸೈಬರ್ ಕಂಪನಿಗಳು ಗಪ್‌ಚುಪ್

ನಾಗರಾಜ: 2025ರ ಏಪ್ರಿಲ್ ಸುದ್ದಿ, ಇವತ್ತು ಕಣ್ಣಿಗೆ ಬಿತ್ತು. ಮಂಜಾ, ನಿಮ್ಮ ಸೈಬರ್ ಸೆಕ್ಯುರಿಟಿ ಫೀಲ್ಡಿನೋರಿಗೆ ಬಾಯೇ ಇಲ್ವಾ?

ಪ್ರಕಾಶ (ಅಡ್ಮಿನ್): ರಾಜಕೀಯ ಬೇಡ ಅಂತ ಎಷ್ಟು ಸಲ ಹೇಳೋದು ಮಾರಾಯ.

ವಿನಯ್: ಇದು ರಾಜಕೀಯ ಅಲ್ಲ ಪ್ರಕಾಶ, ನಮ್ಮ ಹೊಟ್ಟೆಪಾಡಿನ ವಿಷಯ. ಕ್ರೆಬ್ಸ್‌ನ ಅಮೆರಿಕ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಗೆ ಮುಖ್ಯಸ್ಥ ಅಂತ ನೇಮಿಸಿದ್ದೂ ಟ್ರಂಪೇ. 2020ರ ಚುನಾವಣೆ ಸರಿಯಾಗೇ ನಡೆದಿದೆ, ಯಂತ್ರ ಯಾರೂ ತಿದ್ದಿಲ್ಲ ಅಂದಿದ್ದಕ್ಕೆ ನವೆಂಬರಲ್ಲಿ ಟ್ವೀಟ್ ಹಾಕಿ ಕಿತ್ತುಹಾಕಿದ. ನಾಲ್ಕೂವರೆ ವರ್ಷ ಬಿಟ್ಟು ಅವನ ಸೆಕ್ಯುರಿಟಿ ಕ್ಲಿಯರೆನ್ಸ್, ಅಂದ್ರೆ ಸರ್ಕಾರದ ಗುಟ್ಟಿನ ಮಾಹಿತಿ ನೋಡೋ ಅನುಮತಿ, ರದ್ದು. ಅವನಿದ್ದ ಸೆಂಟಿನಲ್‌ಒನ್ ಅನ್ನೋ ಸೈಬರ್ ಕಂಪನಿಯೋರ ಕ್ಲಿಯರೆನ್ಸೂ ಅಮಾನತು. ವಾರದಲ್ಲಿ ಅವನೇ ಕೆಲಸ ಬಿಟ್ಟ.

ನಾಗರಾಜ: ರಾಯಿಟರ್ಸ್‌ನೋರು 33 ಕಂಪನಿ, 3 ಉದ್ಯಮ ಸಂಘ ಕೇಳಿದ್ರಂತೆ, ಬಾಯಿ ಬಿಟ್ಟಿದ್ದು ಒಂದೇ. ಚೀನಾದೋರು ಹ್ಯಾಕ್ ಮಾಡಿದ್ರೆ ಪುಟಗಟ್ಟಲೆ ರಿಪೋರ್ಟ್ ಬಿಡ್ತಾರಲ್ಲ, ಇದಕ್ಕೆಂತ ಆಯ್ತು?

ಮಂಜ, ತೀರ್ಥಹಳ್ಳಿ: ಈ ಸಂದೇಶವನ್ನು ಅಳಿಸಲಾಗಿದೆ

ನಾಗರಾಜ: ಎಂತ ಬರೆದು ಅಳಿಸಿದ್ಯೋ?

ಮಂಜ: ಸಂಬಳ ಕೊಡೋರ ಹೆಸರು ಬಂದಿತ್ತು. ನೋಡು, ಕ್ಲಿಯರೆನ್ಸ್ ಹೋದ್ರೆ ಅಲ್ಲಿ ಎಷ್ಟೋ ಸರ್ಕಾರಿ ಗುತ್ತಿಗೆ ಮುಟ್ಟೋ ಹಂಗೇ ಇಲ್ಲ. ಒಬ್ಬನ ಮೇಲಿನ ಸಿಟ್ಟಿಗೆ ಇಡೀ ಆಫೀಸಿನ ಅನ್ನಕ್ಕೆ ಕೈ ಹಾಕಿದ್ರೆ, ಪಕ್ಕದ ಕಂಪನಿಯೋನು ಮೊದ್ಲು ಫೋನ್ ಮಾಡೋದು ವಕೀಲರಿಗೆ. ನಮ್ಮಲ್ಲೂ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ಪಟ್ಟೀಲಿ ಹೆಸರಿಲ್ದೋರಿಗೆ ಸರ್ಕಾರಿ ವೆಬ್‌ಸೈಟ್ ಆಡಿಟ್ ಸಿಗಲ್ಲ. ಪಟ್ಟಿಗೆ ಸೇರಿಸೋದು ಅವ್ರೇ, ತೆಗೆಯೋದೂ ಅವ್ರೇ.

ನಾಗರಾಜ: ಹೆದ್ರಿಕೆ ಅನ್ನೋಕೆ ಇಷ್ಟುದ್ದ ಬರೀಬೇಕಾ?

ಸುಮಾ, ಸಾಗರ: ತೋಟ ಇರೋನಿಗೆ ಧೈರ್ಯ ಸಲೀಸು ನಾಗರಾಜ. ಕೊಳೆರೋಗ ಬಿಟ್ರೆ ನಿಂಗೆ ಬಾಸ್ ಯಾರು?

ನಾಗರಾಜ: ಎಲೆಚುಕ್ಕಿನೂ ಇದೆ ಮಾರಾಯ್ತಿ. ಅದಿರ್ಲಿ, ನಮ್ಮ ದೇಶದಲ್ಲಿ ಇದೆಲ್ಲ ಶುರುವಾಗಿದ್ದು ಈಗಿನೋರು ಬಂದ್ಮೇಲೆ.

ಮಂಜ: ಸುಳ್ಳು. 2010, ಯುಪಿಎ ಕಾಲ. ಹೈದರಾಬಾದಿನ ಹರಿ ಪ್ರಸಾದ್ ಇಬ್ಬರು ವಿದೇಶಿ ತಜ್ಞರ ಜೊತೆ ಇವಿಎಂ ಬಿಚ್ಚಿ ನೋಡಿದ್ರು. ಯಂತ್ರ ಕೈಗೆ ಸಿಕ್ಕಿದ್ರೆ, ಅಂಕಿ ತೋರ್ಸೋ ಬೋರ್ಡ್ ಬದಲಿಸಿ ಮೊಬೈಲಿಂದ್ಲೇ ಫಲಿತಾಂಶ ತಿರುಗಿಸ್ಬಹುದು ಅಂತ ತೋರಿಸಿದ್ರು. ಆಗಸ್ಟಲ್ಲಿ ಪೊಲೀಸರು ಮನೆಗೇ ಬಂದ್ರು, ಯಂತ್ರ ಕೊಟ್ಟೋರು ಯಾರು ಹೇಳು ಅಂತ. ಅವ್ರು ಹೇಳಲಿಲ್ಲ, ಒಳಗೆ ಹೋದ್ರು. ಮತಕ್ಕೆ ಕಾಗದದ ಚೀಟಿ ಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟೇ ಹೇಳ್ತು, ಅದು ಬೇರೆ. ಆ ಬಂಧನ ನೋಡಿದ ನಮ್ಮಂಥೋರು ಕಲ್ತಿದ್ದು, ಸರ್ಕಾರದ ಮಾಲು ಮುಟ್ಬೇಡ ಅಂತ.

ವಿನಯ್: 2018ರಲ್ಲಿ 500 ರೂಪಾಯಿಗೆ ಆಧಾರ್ ಮಾಹಿತಿ ಸಿಗ್ತಿದೆ ಅಂತ ಟ್ರಿಬ್ಯೂನ್ ಬರೀತು. ಎಫ್‌ಐಆರ್‌ನಲ್ಲಿ ವರದಿಗಾರ್ತಿ ಹೆಸ್ರೂ ಇತ್ತು.

ಪ್ರಕಾಶ (ಅಡ್ಮಿನ್): ಇನ್ನೊಂದು ಮೆಸೇಜ್ ಬಂದ್ರೆ ಗುಂಪು ಲಾಕ್. ನಂದು ಸರ್ಕಾರಿ ಕೆಲಸ, ಸ್ಕ್ರೀನ್‌ಶಾಟ್ ಹೊರಗೆ ಹೋದ್ರೆ ನೋಟಿಸ್ ಬರೋದು ನಂಗೆ.

ನಾಗರಾಜ: 34ನೇ ಕಂಪನಿ ಸಿಕ್ತು 😂

ಸುಮಾ: ನಗ್ಬೇಡ. ಮಂಜಾ, ನಮ್ಮ ಸೊಸೈಟಿ ಆ್ಯಪ್ ನೋಡು ಅಂದಾಗ ನೀನೂ ಜಾರ್ಕೊಂಡೆ. ಪಾಸ್‌ಬುಕ್ ಲಿಂಕಿನ ಕೊನೇ ನಂಬರ್ ಬದಲಿಸಿದ್ರೆ ಪಕ್ಕದ ಮನೆಯೋರ ಸಾಲ ಕಾಣ್ತದೆ. ಇದ್ರಲ್ಲಿ ಟ್ರಂಪೂ ಇಲ್ಲ, ಇವಿಎಂಮೂ ಇಲ್ಲ.

ಮಂಜ: ಜಾರ್ಕೊಂಡಿಲ್ಲ, ಅನುಮತಿ ಬರವಣಿಗೇಲಿ ಕೊಡು ಅಂದೆ. ಐಟಿ ಕಾಯ್ದೆ 43ನೇ ಕಲಂ ಪ್ರಕಾರ ಮಾಲೀಕರ ಅನುಮತಿ ಇಲ್ದೆ ಒಳಹೊಕ್ಕೋದೇ ತಪ್ಪು. 66ಕ್ಕೆ ಹೋದ್ರೆ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ವಂಚನೆ ಉದ್ದೇಶ ಇರ್ಬೇಕು ಅಂತ ಷರತ್ತಿದೆ, ಸರಿ. ನಂಗೆ ಆ ಉದ್ದೇಶ ಇರಲಿಲ್ಲ ಅಂತ ಎಷ್ಟು ವರ್ಷ ಕೋರ್ಟಿಗೆ ಅಲೀಲಿ? ತೂತು ತೋರ್ಸಿದೋನನ್ನ ಕಾಪಾಡೋ ಕಲಂ ಅದ್ರಲ್ಲಿಲ್ಲ. ನೀನು ನಂಬರ್ ಬದಲಿಸಿ ನೋಡಿದ್ದನ್ನ ಇಲ್ಲಿ ಬರೀಬಾರ್ದಿತ್ತು.

ಸುಮಾ: ಅಳಿಸ್ಲಾ?

ಮಂಜ: ಎಲ್ರೂ ಓದಿ ಆಯ್ತು.

ನಾಗರಾಜ: ತಡಿ ತಡಿ. ನಾನೂ ಅದೇ ಸೊಸೈಟಿ ಸದಸ್ಯ. ನನ್ನ ಸಾಲನೂ ಕಾಣ್ತದಾ?

ಸುಮಾ: ಬಡ್ಡಿ ಬಾಕಿ ಸಮೇತ.

ಸುಮಾ: ಸೋಮವಾರ ಆಡಳಿತ ಮಂಡಳಿ ಸಭೆ. ಠರಾವು ಮಾಡಿಸ್ತೀನಿ. ಸಾಕಾ ಮಂಜಾ?

ಮಂಜ: ಅಧ್ಯಕ್ಷರ ಸಹಿ, ಸೀಲು ಬೇಕು. ಯಾವ ಆ್ಯಪ್, ಎಲ್ಲಿಂದ ಎಲ್ಲೀವರೆಗೆ ನೋಡ್ಬಹುದು, ಎಷ್ಟು ದಿನ ಅಂತ ಬರೆಸು. ಆ್ಯಪ್ ಮಾಡಿಕೊಟ್ಟೋರಿಗೂ ಒಂದು ಪ್ರತಿ ಹೋಗ್ಲಿ.

ನಾಗರಾಜ: ಅಲ್ಲೀವರೆಗೆ ಇದನ್ನ ಯಾರೂ ಫಾರ್ವರ್ಡ್ ಮಾಡ್ಬೇಡಿ ಮಾರಾಯ್ರೆ.