ಸಹಾಯ ಬೇಕು: ಹಳೇ ಕೀಟನಾಶಕ (ಎಂಡೋಸಲ್ಫಾನ್, ಫೋರೇಟ್) ಯಾರಿಗೆ ಒಪ್ಪಿಸಬೇಕು?

ನಮಸ್ಕಾರ. ಅಡಿಕೆ ತೋಟದ ಹಳೇ ಕೊಟ್ಟಿಗೆಯಲ್ಲಿ ಎಂಡೋಸಲ್ಫಾನ್ 35 ಇಸಿ (ನೀರಿಗೆ ಬೆರೆಸಿ ಹೊಡೆಯುವ ದ್ರವ) ಲೀಟರ್ ಡಬ್ಬಿ ನಾಲ್ಕು, ಫೋರೇಟ್ 10ಜಿ (ಹರಳು) ಸುಮಾರು 6 ಕೆಜಿ, ಲೇಬಲ್ಲೇ ಇಲ್ಲದ ಒಂದು ಬಾಟಲಿ ಉಳಿದಿವೆ. ಎಂಡೋಸಲ್ಫಾನ್‌ಗೆ ಸುಪ್ರೀಂ ಕೋರ್ಟ್ 2011ರಲ್ಲೇ ತಡೆ ಹಾಕಿದೆ, ಫೋರೇಟೂ 2020ರ ಕೊನೆಗೆ ನಿಷೇಧವಾಯಿತು. ಹಾಗಾಗಿ ಹೊಡೆದು ಖಾಲಿ ಮಾಡುವ ಮಾತೇ ಇಲ್ಲ.

ಎಂಡೋಸಲ್ಫಾನಿನ ಒಂದು ತಗಡಿನ ಡಬ್ಬಿ ತಳದಲ್ಲಿ ತುಕ್ಕು ತಿಂದು, ಹೊಲಿಗೆ ಗುಂಟ ಕಂದು ಜಿಗುಟು ಇಳಿದಿದೆ. ಅದನ್ನು ಬೇರೆ ಬಾಟಲಿಗೆ ಬಗ್ಗಿಸಿಲ್ಲ. ಡಬ್ಬಿ ಸಮೇತ ದಪ್ಪ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೆಟ್ಟಗೆ ನಿಲ್ಲಿಸಿ ಸುತ್ತ ಒಣ ಮರಳು ತುಂಬಿದ್ದೇವೆ. ನೆಲಕ್ಕೆ ಚೆಲ್ಲಿದ್ದನ್ನು ನೀರು ಹಾಕಿ ತೊಳೆಯದೆ, ಒಣ ಮಣ್ಣಿಗೆ ಹೀರಿಸಿ ಅದನ್ನೂ ಅದೇ ಡ್ರಮ್ಮಿಗೆ ಹಾಕಿದ್ದಾಯಿತು. ತೊಳೆದರೆ ಅದು ಹೋಗುವುದು ಹಳ್ಳಕ್ಕೆ, ಮೀನಿಗೆ ಎಂಡೋಸಲ್ಫಾನ್ ಕಡು ವಿಷ. ಫೋರೇಟ್ ಬೇರೆ ಡ್ರಮ್ಮಿನಲ್ಲಿದೆ. ಅದರ ಹರಳಿನ ಧೂಳು ಚರ್ಮದಿಂದಲೂ ಒಳಗಿಳಿಯುತ್ತದೆ, ಬರಿಗೈ ತಾಗಿಸಬಾರದು. ಮೈಲುತುತ್ತ (ತಾಮ್ರದ ಸಲ್ಫೇಟ್) ದೂರದ ಅಟ್ಟದಲ್ಲಿದೆ.

ಗೊತ್ತಿದ್ದವರು ಹೇಳಿ: ಇಷ್ಟು ಸಣ್ಣ ಪ್ರಮಾಣವನ್ನು ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ರೈತರು ನೇರವಾಗಿ ಒಪ್ಪಿಸಿದ್ದುಂಟೇ? ಕೃಷಿ ಇಲಾಖೆಗೆ ಅರ್ಜಿ ಕೊಡಬೇಕೋ, ಮಾಲಿನ್ಯ ನಿಯಂತ್ರಣ ಮಂಡಳಿಗೋ? ಲೇಬಲ್ ಇಲ್ಲದ ಬಾಟಲಿಯ ಮೇಲೆ ಏನಂತ ಬರೆದು ಕಳಿಸಿದಿರಿ?

ಗುಂಡಿ ತೋಡಿ ಹೂಳಿ ಅನ್ನುವವರಿಗೆ: ಬಾವಿ ಮೂವತ್ತೇ ಅಡಿ ದೂರದಲ್ಲಿದೆ. ಸುಡುವುದಂತೂ ಬೇಡವೇ ಬೇಡ.