ಬೆಟ್ಟದ ಹಟ್‌ನಲ್ಲಿ ಒಂದು ತಿಂಗಳು ವಾರ್ಡನ್ ಕೆಲಸ: ಹೋಗಲಾ, ಬೇಡ್ವಾ?

ಪ್ರಶ್ನೆ: ನಾನಿರುವುದು ನ್ಯೂಜಿಲೆಂಡ್‌ನಲ್ಲಿ. ಜನವರಿಯಲ್ಲಿ ಮಿಲ್ಫರ್ಡ್ ಟ್ರ್ಯಾಕ್ ಅನ್ನೋ ಚಾರಣದ ಹಾದಿಯಲ್ಲಿ, ಚಾರಣಿಗರು ರಾತ್ರಿ ತಂಗುವ ಒಂದು ಹಟ್ ನೋಡಿಕೊಳ್ಳಲು ಕರೆದಿದ್ದಾರೆ. ಫೋನ್ ಸಿಗ್ನಲ್ ಇಲ್ಲವಂತೆ. ಒಬ್ಬಳೇ ಇದ್ದು ಬೇಜಾರಾಗುತ್ತದಾ?

ಉತ್ತರ 1: ನಾನು ಇದ್ದು ಬಂದಿದ್ದೇನೆ. ಒಬ್ಬಳೇ ಅನ್ನೋದನ್ನು ಮರೆತುಬಿಡಿ! 40 ಬಂಕ್ ಹಾಸಿಗೆ, ಸಂಜೆ ಅಷ್ಟೂ ಭರ್ತಿ. ಬೆಳಗ್ಗೆ ಎಲ್ಲರೂ ಹೊರಟ ಮೇಲೆ ಗುಡಿಸಿ, ಒರೆಸಿ, ಟಾಯ್ಲೆಟ್ ತೊಳೆಯಬೇಕು. ನಿಜ ಹೇಳಬೇಕೆಂದರೆ ಅದೇ ಜಾಸ್ತಿ. ಸಂಜೆ ಬುಕಿಂಗ್ ನೋಡಿ, ರೇಡಿಯೊದಲ್ಲಿ ಬಂದ ಹವಾಮಾನ ಓದಿ ಹೇಳಬೇಕು. ಮಳೆಯೋ, ವರ್ಷಕ್ಕೆ 6 ಮೀಟರಿಗೂ ಮೇಲೆ. ಆಗುಂಬೆಯವಳಾದ ನನಗೇ ಸಾಕಾಗಿತ್ತು. ತೊರೆ ಉಕ್ಕಿದ ದಿನ ಯಾರನ್ನೂ ಬಿಡಲಿಲ್ಲ. ವಿಮಾನ ತಪ್ಪುತ್ತದೆ ಅಂತ ಒಬ್ಬರು ಕೂಗಾಡಿದರು, ಆಮೇಲೆ ಅವರೇ ಚಹಾ ಮಾಡಿಕೊಟ್ಟರು.

ಬೂಟು ಹೊರಗೆ ಬಿಡಬೇಡಿ. ಕೀಯಾ ಅನ್ನೋ ಗಿಳಿ ಮಹಾ ಕಿಲಾಡಿ. ನನ್ನ ಎಡಗಾಲಿನ ಬೂಟಿನ ಲೇಸ್ ಕಿತ್ತುಹಾಕಿತ್ತು. ಹತ್ತು ದಿನ ಸುತಳಿ ಕಟ್ಟಿಕೊಂಡು ಓಡಾಡಿದೆ.

ಉತ್ತರ 2: ಸ್ಯಾಂಡ್‌ಫ್ಲೈ ಅನ್ನೋ ಕಚ್ಚುವ ಪುಟ್ಟ ನೊಣದ ಬಗ್ಗೆ ಹೇಳಲೇ ಇಲ್ವಲ್ಲ ಅಕ್ಕಾ! ಉದ್ದ ತೋಳಿನ ಅಂಗಿ ಬೇಕೇ ಬೇಕು. ಅಂದಹಾಗೆ, ಊಟಕ್ಕೆ ಏನು ಮಾಡಿದಿರಿ?

ಉತ್ತರ 1: ಗ್ಯಾಸ್ ಒಲೆ ಇದೆ. ಬೇಳೆ, ಅವಲಕ್ಕಿ, ಸಾರಿನ ಪುಡಿ ಒಯ್ದಿದ್ದೆ. ಇಂಗಿನ ಡಬ್ಬಿ ಮಾತ್ರ ಎರಡು ಕವರಿನಲ್ಲಿ ಸುತ್ತಿಡಿ. ನನ್ನ ಮಲಗುವ ಚೀಲ ಇನ್ನೂ ಘಮ್ಮೆನ್ನುತ್ತದೆ.